ಕೆಂಪು ಗಂಜಲ, ನೇರಳೆ ಮುಚ್ಚಳ: ಶಿವಮೊಗ್ಗದ ಪ್ರಾಣಿ ರಕ್ತಪರೀಕ್ಷೆ ಲ್ಯಾಬ್ ಬಗ್ಗೆ

ಶಿವಮೊಗ್ಗದಲ್ಲಿ ಪ್ರಾಣಿಗಳ ರಕ್ತ ಮಾತ್ರ ನೋಡುವ ಒಂದು ಸಣ್ಣ ಲ್ಯಾಬ್ ಇದೆ. ಕಳೆದ ಒಂದು ವರ್ಷದಲ್ಲಿ ಮೂರು ಸಲ ಅಲ್ಲಿಗೆ ಸ್ಯಾಂಪಲ್ ಕಳಿಸಿದ್ದೇನೆ. ಒಮ್ಮೆ ನಮ್ಮ ಹಸುವಿನದು, ಒಮ್ಮೆ ನಾಯಿಯದು, ಒಮ್ಮೆ ಶಿಕಾರಿಪುರ ಕಡೆ ಇರುವ ನನ್ನ ತಂಗಿ ಮನೆಯ ಕುರಿಗಳದು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಳೆದೆ ಅಂತ ಮುಂದೆ ಬರೆಯುತ್ತೇನೆ. ದೂರೂ ಇರುವುದರಿಂದ ಲ್ಯಾಬಿನ ಹೆಸರು ಹಾಕುತ್ತಿಲ್ಲ. ನಿಮ್ಮ ಕಡೆಯ ಪಶು ಡಾಕ್ಟರನ್ನು ಕೇಳಿ, ಹೇಳುತ್ತಾರೆ.

ಮೊದಲು ಹಸುವಿನ ವಿಷಯ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸ್ವಲ್ಪ ಒಳಗೆ. ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ, ಒಂದು ಜರ್ಸಿ ಕ್ರಾಸ್. ಜರ್ಸಿ ಮೂರನೇ ಕರು ಹಾಕಿ ಇಪ್ಪತ್ತು ದಿನ ಆಗಿತ್ತು. ಹೊತ್ತಿಗೆ ಆರು ಲೀಟರ್ ಹಾಲು. ಜುಲೈ ತಿಂಗಳ ಜಡಿಮಳೆ. ಒಂದು ಬೆಳಿಗ್ಗೆ ಸಗಣಿ ಬಾಚಲು ಹೋದವಳು ಹಾಗೇ ನಿಂತುಬಿಟ್ಟೆ, ಯಾಕೆಂದರೆ ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಹಸುವಿನ ಕಣ್ಣಿನ ಒಳಪೊರೆ ನೋಡಿದರೆ ಕಾಗದದ ಹಾಗೆ ಬಿಳಿಚಿಕೊಂಡಿತ್ತು.

ಉಣುಗು ಜ್ವರವೇ ಇರಬೇಕು ಅಂದುಕೊಂಡೆವು. ಮಲೆನಾಡಿನಲ್ಲಿ ಉಣುಗು ಅಂದರೆ ಯಾರಿಗಾದರೂ ಭಯವೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದನ್ನು ನಮ್ಮ ಕಡೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ದನದ ಉಣುಗು ಜ್ವರ ಅದಲ್ಲ, ಅದು ಬೇರೆ. ಅದರಲ್ಲಿ ಒಂದು ಸೂಕ್ಷ್ಮಜೀವಿ ಕೆಂಪು ರಕ್ತಕಣದ ಒಳಗೆ ಹೊಕ್ಕು ಕಣವನ್ನೇ ಒಡೆಯುತ್ತದೆ, ಆ ಬಣ್ಣ ಗಂಜಲದಲ್ಲಿ ಇಳಿಯುತ್ತದೆ.

ಡಾಕ್ಟರ್ ಆ ದಿನ ಬೇರೆ ಊರಿಗೆ ಕ್ಯಾಂಪಿಗೆ ಹೋಗಿದ್ದರು. ಅವರ ಸಹಾಯಕರು ರಕ್ತ ತೆಗೆದುಕೊಟ್ಟರು. ನಮ್ಮ ಮನೆಯವರು ಗಾಬರಿಯಲ್ಲಿ ಅದನ್ನು ಹತ್ತಿರದ ಪೇಟೆಯ ಒಂದು ಮನುಷ್ಯರ ಲ್ಯಾಬಿಗೆ ಕೊಟ್ಟು ಬಂದರು. ಸಂಜೆ ರಿಪೋರ್ಟ್ ಬಂತು. ಪೊಟ್ಯಾಶಿಯಂ 14. ಕ್ಯಾಲ್ಸಿಯಂ 3. ಸೋಡಿಯಂ ಮಾತ್ರ ಸರಿಯಾಗಿಯೇ ಇತ್ತು. ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಒಂದೇ ಮಾತು ಕೇಳಿದರು: "ಅಮ್ಮಾ, ಹಸು ನಿಂತಿದೆಯಾ?" ನಿಂತಿದೆ, ಹುಲ್ಲು ಕೂಡ ಮೂಸುತ್ತಿದೆ ಅಂದೆ. "ಹಾಗಾದರೆ ಆ ರಿಪೋರ್ಟ್ ಬಿಸಾಕಿ. ಪೊಟ್ಯಾಶಿಯಂ ನಿಜವಾಗಿ 14 ಆಗಿದ್ದರೆ ಅದರ ಹೃದಯ ಯಾವಾಗಲೋ ನಿಂತಿರುತ್ತಿತ್ತು."

ಏನಾಗಿತ್ತು ಅಂತ ಆಮೇಲೆ ಗೊತ್ತಾಯಿತು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಔಷಧಿ ಹಾಕಿರುತ್ತಾರೆ. ಅದು ಇಡಿಟಿಎ, ಅದರಲ್ಲಿ ಪೊಟ್ಯಾಶಿಯಂ ಸೇರಿರುತ್ತದೆ. ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುವುದೇ ಅದರ ಕೆಲಸ. ಈ ಔಷಧಿ ಇಲ್ಲದ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸಾಲದೆ ಬಂದಾಗ ಅಲ್ಲಿನವರು ನೇರಳೆಯದರಿಂದ ಸ್ವಲ್ಪ ಸುರಿದು ಭರ್ತಿ ಮಾಡಿದ್ದರು. ಹಾಗಾಗಿ ಪೊಟ್ಯಾಶಿಯಂ ಏರಿತು, ಕ್ಯಾಲ್ಸಿಯಂ ಇಳಿಯಿತು. ಕಾಯಿಲೆ ಹಸುವಿನಲ್ಲಿತ್ತು, ಆ ಅಂಕಿ ಮಾತ್ರ ಟ್ಯೂಬಿನದು. ನೀವು ಎಲ್ಲೇ ಪರೀಕ್ಷೆ ಮಾಡಿಸಿ, ಒಂದು ಟ್ಯೂಬಿನ ರಕ್ತವನ್ನು ಇನ್ನೊಂದಕ್ಕೆ ಸುರಿಯಲು ಬಿಡಬೇಡಿ.

ಮರುದಿನ ಬೆಳಿಗ್ಗೆ ಡಾಕ್ಟರ್ ತಾವೇ ಬಂದರು. ಮೊದಲು ಗಂಜಲವನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಮೇಲೆ ಇಟ್ಟರು. ಅರ್ಧ ಗಂಟೆ ಬಿಟ್ಟು ನೋಡಿದರೂ ತಳದಲ್ಲಿ ಏನೂ ಕೂತಿರಲಿಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ಮೂತ್ರಕೋಶದಿಂದ ರಕ್ತ ಬರುತ್ತಿದ್ದರೆ, ಗುಡ್ಡದಲ್ಲಿ ಕೆಲವು ಜರೀಗಿಡ ತಿಂದ ದನಗಳಿಗೆ ಹಾಗಾಗುತ್ತದಂತೆ, ಆಗ ಕಣಗಳು ತಳಕ್ಕೆ ಇಳಿಯುತ್ತವೆ. ಇಲ್ಲಿ ಇಳಿಯಲಿಲ್ಲ. ಅಂದರೆ ಕಣಗಳು ರಕ್ತನಾಳದ ಒಳಗೇ ಒಡೆಯುತ್ತಿವೆ. ಯಾಕೆ ಒಡೆಯುತ್ತಿವೆ ಅನ್ನುವುದೇ ಪ್ರಶ್ನೆ. ಹೊಸದಾಗಿ ರಕ್ತ ತೆಗೆದು, ಈ ಶಿವಮೊಗ್ಗದ ಲ್ಯಾಬಿಗೇ ಕಳಿಸಿ ಅಂದರು.

ಲ್ಯಾಬಿನ ವ್ಯವಸ್ಥೆ ನನಗೆ ತುಂಬ ಹಿಡಿಸಿತು. ಫೋನ್ ಮಾಡಿದ ಕೂಡಲೇ ಅಲ್ಲಿನ ಮೇಡಂ ಮೊದಲು ಕೇಳಿದ್ದು ಯಾವ ಪ್ರಾಣಿ, ಎಷ್ಟು ವಯಸ್ಸು, ಕರು ಹಾಕಿ ಎಷ್ಟು ದಿನ ಅಂತ. ದುಡ್ಡಿನ ಮಾತು ಆಮೇಲೆ. ಅವರು ಪಶುವೈದ್ಯಕೀಯ ಓದಿದವರು, ಮೂವತ್ತು ದಾಟಿರಲಿಕ್ಕಿಲ್ಲ. "ಅಕ್ಕ, ಕೆಂಪು ಮುಚ್ಚಳದ ಟ್ಯೂಬನ್ನು ಅಲ್ಲಾಡಿಸದೆ ನೆಟ್ಟಗೆ ನಿಲ್ಲಿಸಿ. ಹೆಪ್ಪುಗಟ್ಟಿದ ಮೇಲೆ ಡಾಕ್ಟರ್ ಹತ್ತಿರ ಮೇಲಿನ ತಿಳಿ ಬೇರೆ ಮಾಡಿಸಿ, ಆಮೇಲೆ ಐಸ್ ಡಬ್ಬಿಗೆ ಹಾಕಿ. ರಕ್ತ ರಕ್ತವಾಗಿಯೇ ಐಸಿಗೆ ತಾಗಬಾರದು." ಇಷ್ಟನ್ನು ನಿಧಾನವಾಗಿ ಎರಡು ಸಲ ಹೇಳಿದರು. ತೀರ್ಥಹಳ್ಳಿಯಿಂದ ಹತ್ತೂವರೆ ಬಸ್ಸಿಗೆ ಡಬ್ಬಿ ಕೊಟ್ಟೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಮಧ್ಯಾಹ್ನಕ್ಕೆ ಶಿವಮೊಗ್ಗ. ಬಸ್ ಸ್ಟ್ಯಾಂಡಿಗೆ ಅವರ ಹುಡುಗನೇ ಬಂದು ಇಳಿಸಿಕೊಂಡ. ನಾಲ್ಕು ಗಂಟೆಗೆ ರಿಪೋರ್ಟ್ ಮೊಬೈಲಿಗೆ ಬಂತು, ಅದರ ಹಿಂದೆಯೇ ಮೇಡಂ ಫೋನ್.

ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ನೋಡಿದ್ದರಲ್ಲಿ ಉಣುಗು ಜ್ವರದ ಜೀವಿ ಸಿಗಲಿಲ್ಲ. ಪೊಟ್ಯಾಶಿಯಂ 4.4, ಸೋಡಿಯಂ 138, ಎರಡೂ ಹಸುವಿಗೆ ಸರಿ. ಫಾಸ್ಫರಸ್ ಮಾತ್ರ 1.6. ಹಸುವಿಗೆ ಅದು ನಾಲ್ಕರ ಮೇಲೆ ಇರಬೇಕು. ಮೇಡಂ ಇನ್ನೊಂದು ಮಾತು ಸೇರಿಸಿದರು. ಒಡೆದ ಕಣಗಳಿಂದಲೂ ಸ್ವಲ್ಪ ಫಾಸ್ಫರಸ್ ಸೀರಂಗೆ, ಅಂದರೆ ಆ ಮೇಲಿನ ತಿಳಿಗೆ, ಸೇರುತ್ತದೆ, ಅದರಿಂದ ಇರುವುದಕ್ಕಿಂತ ಜಾಸ್ತಿ ತೋರಬಹುದು, ಹಾಗಿದ್ದೂ ಇಷ್ಟು ಕಡಿಮೆ ಬಂದಿದೆ ಅಂದರೆ ನಿಜವಾಗಿಯೂ ಬರಿದಾಗಿದೆ ಅಂತ. ಅಂಕಿ ಮುಂದಿಟ್ಟು ಸುಮ್ನೆ ಕೂರುವವರಿಗೂ ಅದನ್ನು ಓದಿ ಹೇಳುವವರಿಗೂ ಎಷ್ಟು ವ್ಯತ್ಯಾಸ ಅಲ್ವಾ?

ಫಾಸ್ಫರಸ್ ಕಡಿಮೆಯಾದರೆ ರಕ್ತಕಣ ಯಾಕೆ ಒಡೆಯಬೇಕು ಅಂತ ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಈ ವಿಷಯ ತಲೆಗೆ ಹೋದ ಮೇಲೆ ನಾನು ರಕ್ತವನ್ನು ನೋಡುವ ರೀತಿಯೇ ಬದಲಾಯಿತು.

ನಮ್ಮ ತೋಟದ ಕೆಳಭಾಗ ತಗ್ಗು. ಮಳೆಗಾಲದಲ್ಲಿ ನೀರು ನಾಲ್ಕೂ ಕಡೆಯಿಂದ ಒಸರುತ್ತದೆ. ಮೋಟಾರ್ ಇಟ್ಟು ಎತ್ತಿ ಹೊರಗೆ ಹಾಕುತ್ತಲೇ ಇರಬೇಕು. ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಅಡಿಕೆ ಬುಡ ಮುಳುಗುತ್ತದೆ. ಕೆಂಪು ರಕ್ತಕಣವೂ ಹಾಗೇ. ರಕ್ತದ ನೀರಿನಲ್ಲಿ ಸೋಡಿಯಂ ಜಾಸ್ತಿ, ಲೀಟರಿಗೆ ಸುಮಾರು 140 ಮಿಲಿಮೋಲ್. ಮನುಷ್ಯರ ಕಣದ ಒಳಗೆ ಅದು 10ರ ಆಸುಪಾಸು ಮಾತ್ರ. ಪೊಟ್ಯಾಶಿಯಂ ಉಲ್ಟಾ, ಒಳಗೆ 100ರ ಹತ್ತಿರ, ಹೊರಗೆ 4. ಪೊರೆ ಎಷ್ಟು ಬಿಗಿಯಾಗಿದ್ದರೂ ಸೋಡಿಯಂ ಹನಿಹನಿಯಾಗಿ ಒಳಗೆ ಬರುತ್ತಲೇ ಇರುತ್ತದೆ. ಅದನ್ನು ಹೊರಗೆ ಹಾಕಲು ಪೊರೆಯಲ್ಲೇ ಪಂಪ್ ಇದೆ. ಒಂದು ಸುತ್ತಿಗೆ ಮೂರು ಸೋಡಿಯಂ ಆಚೆ, ಎರಡು ಪೊಟ್ಯಾಶಿಯಂ ಒಳಗೆ. ಆ ಪಂಪಿಗೆ ಕರೆಂಟ್ ಅಂದರೆ ಎಟಿಪಿ ಅನ್ನುವ, ಜೀವಕೋಶಕ್ಕೆ ಶಕ್ತಿ ಕೊಡುವ ಅಣು, ಒಂದು ಸುತ್ತಿಗೆ ಒಂದು. ಇಂಥ ಪಂಪನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರದಲ್ಲಿ ಕಂಡುಹಿಡಿದರು, 1997ರಲ್ಲಿ ಅದಕ್ಕೆ ನೊಬೆಲ್ ಬಂತು. ಕ್ಯಾಸನೂರಿನ ವರ್ಷವೇ ಆ 1957. ನನಗೆ ಆ ಇಸವಿ ಮರೆಯುವುದೇ ಇಲ್ಲ.

ಬಲಿತ ಕೆಂಪು ಕಣ ತನ್ನ ಎಟಿಪಿಯನ್ನು ಸಕ್ಕರೆ ಒಡೆದು ಮಾತ್ರ ಮಾಡಿಕೊಳ್ಳಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆ ಕೆಲಸಕ್ಕೆ ಫಾಸ್ಫರಸ್ ಬೇಕೇ ಬೇಕು. ಕರು ಹಾಕಿದ ಹಸು, ಅದರಲ್ಲೂ ಜಾಸ್ತಿ ಹಾಲು ಕೊಡುವುದು, ಹಾಲಿನ ಜೊತೆ ದಿನಾ ಫಾಸ್ಫರಸ್ ಕಳೆದುಕೊಳ್ಳುತ್ತದೆ. ನಮ್ಮ ಕೆಂಪು ಹುಳಿ ಮಣ್ಣು ಫಾಸ್ಫರಸನ್ನು ಹಿಡಿದಿಟ್ಟುಕೊಂಡು ಹುಲ್ಲಿಗೆ ಸರಿಯಾಗಿ ಬಿಡುವುದಿಲ್ಲ. ಬತ್ತದ ಹುಲ್ಲಿನಲ್ಲಂತೂ ಅದು ತೀರಾ ಕಡಿಮೆ. ನಾವು ಕೊಡುತ್ತಿದ್ದದ್ದು ಬತ್ತದ ಹುಲ್ಲು, ಬೆಟ್ಟದ ಹುಲ್ಲು, ಅಕ್ಕಚ್ಚು. ಇಷ್ಟೇ. ಕಣದಲ್ಲಿ ಎಟಿಪಿ ಮುಗಿಯುತ್ತಾ ಬಂದಾಗ ಪಂಪ್ ನಿಧಾನವಾಗುತ್ತದೆ, ಪೊರೆ ಬಳುಕುವ ಗುಣ ಕಳೆದುಕೊಳ್ಳುತ್ತದೆ, ಸೋಡಿಯಂ ಒಳಗೆ ಉಳಿದು ನೀರನ್ನೂ ಎಳೆದುಕೊಂಡರೆ ಕಣ ಊದಿ ಒಡೆಯುತ್ತದೆ. ಕೊಟ್ಟಿಗೆಯಲ್ಲಿ ನಾನು ನೋಡಿದ ಆ ಡಿಕಾಕ್ಷನ್ ಬಣ್ಣ ಒಡೆದ ಕಣಗಳದ್ದು.

ಡಾಕ್ಟರ್ ಅದೇ ಸಂಜೆ ನರಕ್ಕೆ ಫಾಸ್ಫರಸ್ ಔಷಧಿ ಕೊಟ್ಟರು. ಎಷ್ಟು, ಹೇಗೆ ಅನ್ನುವುದನ್ನು ಬರೆಯುವುದಿಲ್ಲ, ಅದು ಡಾಕ್ಟರೇ ತೂಕ ನೋಡಿ ಕೊಡಬೇಕಾದದ್ದು. ಮೂರನೇ ದಿನಕ್ಕೆ ಗಂಜಲ ತಿಳಿಯಾಯಿತು. ಕಣ್ಣಿನ ಬಿಳುಪು ಹೋಗಲು ತಿಂಗಳು ಹಿಡಿಯಿತು. ಈಗ ದಿನಾ ತೌಡು ಮತ್ತು ಖನಿಜ ಪುಡಿ ಹಾಕುತ್ತೇವೆ.

ಇನ್ನು ನಾಯಿ. ನಿಜ ಹೇಳಬೇಕೆಂದರೆ ಈ ಲ್ಯಾಬಿನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಇಲ್ಲಿ. ನಮ್ಮ ಊರನಾಯಿ ಎರಡು ದಿನದಿಂದ ಒಂದೇ ಸಮ ವಾಂತಿ ಮಾಡುತ್ತಿತ್ತು. ಡಾಕ್ಟರಿಗೆ ಡ್ರಿಪ್ ಹಾಕುವ ಮೊದಲು ಪೊಟ್ಯಾಶಿಯಂ ಎಷ್ಟಿದೆ ಗೊತ್ತಾಗಬೇಕಿತ್ತು. ಈ ಸಲ ಎಡವಟ್ಟಾಯಿತು. ಅವಸರದಲ್ಲಿ ತಿಳಿ ಬೇರೆ ಮಾಡದೆ ಟ್ಯೂಬನ್ನು ಐಸಿಗೆ ತಾಗುವ ಹಾಗೆ ಇಟ್ಟಿದ್ದರು, ಶಿವಮೊಗ್ಗ ಮುಟ್ಟುವಷ್ಟರಲ್ಲಿ ಕಣ ಒಡೆದು ಸೀರಂ ಗುಲಾಬಿಯಾಗಿತ್ತು. ಇನ್ನೇನು, ಮತ್ತೆ ಸೂಜಿ ಚುಚ್ಚಬೇಕು, ಮತ್ತೆ ಬಸ್ಸಿಗೆ ಓಡಬೇಕು ಅಂದುಕೊಂಡೆ.

ಮೇಡಂ ಫೋನ್ ಮಾಡಿ ಕೇಳಿದರು: "ಅಕ್ಕ, ನಾಯಿ ಯಾವ ಜಾತಿ?" ಊರನಾಯಿ ಅಂದೆ. "ಹಾಗಾದರೆ ಬೇರೆ ಪರೀಕ್ಷೆಗಳನ್ನು ಇದರಲ್ಲಿ ಮಾಡುವುದಿಲ್ಲ, ಆದರೆ ಪೊಟ್ಯಾಶಿಯಂ ನೋಡಿ ಕೊಡುತ್ತೇನೆ, ಅದು ಹೆಚ್ಚು ಕೆಟ್ಟಿರುವುದಿಲ್ಲ." 3.1 ಬಂತು, ನಾಯಿಗೆ ಕಡಿಮೆ. ಅದರ ಮೇಲೆ ಡಾಕ್ಟರ್ ಡ್ರಿಪ್ ಹೊಂದಿಸಿದರು, ಎರಡು ದಿನಕ್ಕೆ ಎದ್ದು ಗಂಜಿ ಕುಡಿಯಿತು.

ಒಡೆದ ಕಣದ ಸ್ಯಾಂಪಲಿನಲ್ಲಿ ಪೊಟ್ಯಾಶಿಯಂ ಹೇಗೆ ನೋಡಿದರು? ಇಲ್ಲೇ ನಾಯಿಯ ರಕ್ತದ ವಿಶೇಷ ಇರುವುದು. ಮನುಷ್ಯರ ಕಣ ಒಡೆದರೆ ಒಳಗಿನ 100 ಪೊಟ್ಯಾಶಿಯಂ ಹೊರಗೆ ಚೆಲ್ಲುತ್ತದೆ, ಕಡಿಮೆ ಇದ್ದದ್ದೂ ಸರಿಯಾಗಿದೆ ಅಂತ ತೋರಿಸಿ ಮೋಸ ಮಾಡುತ್ತದೆ. ಕುದುರೆಯದೂ ಹಂದಿಯದೂ ಹಾಗೇ. ನಾಯಿಯ ಕಣ ಮಜ್ಜೆಯಲ್ಲಿ ಹುಟ್ಟುವಾಗ ಅದಕ್ಕೂ ಸೋಡಿಯಂ ಪಂಪ್ ಇರುತ್ತದೆ, ಆದರೆ ಬಲಿಯುತ್ತಾ ಬಲಿಯುತ್ತಾ ಆ ಪಂಪನ್ನೇ ಕಳಚಿಕೊಳ್ಳುತ್ತದೆ! ಬಲಿತ ಕಣದ ಒಳಗೆ ಸೋಡಿಯಂ 90ರ ಮೇಲೆ, ಪೊಟ್ಯಾಶಿಯಂ 10ರ ಒಳಗೆ. ಒಳಗೂ ಹೊರಗೂ ಸುಮಾರಾಗಿ ಒಂದೇ ತರಹ. ಹಾಗಾಗಿ ಒಡೆದರೂ ಚೆಲ್ಲಲು ಪೊಟ್ಯಾಶಿಯಂ ಇಲ್ಲ. ಬೆಕ್ಕಿನದೂ ಇದೇ ರೀತಿ.

ಪಂಪ್ ಇಲ್ಲದೆ ನಾಯಿಯ ಕಣ ಊದಿ ಒಡೆಯುವುದಿಲ್ಲವೇ ಅಂತ ನನಗೆ ಅನುಮಾನ ಬಂತು, ಕೇಳಿಯೇಬಿಟ್ಟೆ. ಅದಕ್ಕೆ ಹಿತ್ತಲ ಬಾಗಿಲು ಒಂದಿದೆ ಅಂದರು. ಪೊರೆಯಲ್ಲಿ ಒಂದು ಅದಲುಬದಲು ದಾರಿ ಇದೆ, ಕ್ಯಾಲ್ಸಿಯಂ ಒಳಗೆ ಬರುತ್ತದೆ, ಅದರ ಬದಲಿಗೆ ಸೋಡಿಯಂ ಆಚೆ ಹೋಗುತ್ತದೆ. ಒಳಗೆ ಬಂದ ಕ್ಯಾಲ್ಸಿಯಂ ಅನ್ನು ಬೇರೊಂದು ಪಂಪ್ ಎಟಿಪಿ ಖರ್ಚು ಮಾಡಿ ಹೊರಗೆ ತಳ್ಳುತ್ತದೆ. ಕೊನೆಗೆ ಕರೆಂಟ್ ಬಿಲ್ಲು ತಪ್ಪಿದ್ದಲ್ಲ, ಮೋಟಾರ್ ಬೇರೆ ಅಷ್ಟೇ. ಅದೇ ಮನೆಯಲ್ಲಿ, ಅದೇ ಬಾವಿ ನೀರು ಕುಡಿದು, ನಮ್ಮ ಕೈಯಿಂದಲೇ ಅನ್ನ ತಿನ್ನುವ ಪ್ರಾಣಿಯ ರಕ್ತ ನಮ್ಮದಕ್ಕಿಂತ ಇಷ್ಟು ಬೇರೆ ಅಂತ ತಿಳಿದಾಗ ನನಗೆ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸು ಹೋಗಲಿಲ್ಲ.

ಜಾತಿ ಕೇಳಿದ್ದಕ್ಕೂ ಕಾರಣ ಇದೆ. ಜಪಾನಿನ ಅಕಿತಾ, ಶಿಬಾ ಮುಂತಾದ ಜಾತಿಯ ಕೆಲವು ನಾಯಿಗಳಲ್ಲಿ ಪಂಪ್ ಉಳಿದುಕೊಂಡಿರುತ್ತದೆ, ಅವುಗಳ ಕಣದಲ್ಲಿ ಪೊಟ್ಯಾಶಿಯಂ ಜಾಸ್ತಿ. ಅವುಗಳ ರಕ್ತ ಬೇರೆ ಮಾಡದೆ ಇಟ್ಟರೆ ಸಾಕು, ಅಂಕಿ ಸುಳ್ಳು ಹೇಳುತ್ತದೆ. ಯಾವ ನಾಯಿಗೂ ಈರುಳ್ಳಿ ಹಾಕಬಾರದು, ಇಂಥ ನಾಯಿಗಳಿಗಂತೂ ಈರುಳ್ಳಿಯಿಂದ ರಕ್ತಕಣ ಇನ್ನೂ ಬೇಗ ಹಾಳಾಗುತ್ತದೆ. ನಮ್ಮಲ್ಲಿ ಉಳಿದ ಪಲ್ಯ, ಸಾರು ಎಲ್ಲ ನಾಯಿ ತಟ್ಟೆಗೆ ಹೋಗುವುದು ರೂಢಿ. ಅವತ್ತಿನಿಂದ ನಿಲ್ಲಿಸಿದೆ.

ಕುರಿಗಳ ವಿಷಯ ಚಿಕ್ಕದಾಗಿ. ತಂಗಿ ಮನೆಯ ಎರಡು ಕುರಿಗಳಿಗೆ ಒಂದೇ ದಿನ ರಕ್ತ ತೆಗೆದು, ಒಂದೇ ಡಬ್ಬಿಯಲ್ಲಿ ಕಳಿಸಿದ್ದರು. ಎರಡೂ ಸ್ವಲ್ಪ ಒಡೆದಿದ್ದವು. ಒಂದರ ಪೊಟ್ಯಾಶಿಯಂ ಏರಿತ್ತು, ಇನ್ನೊಂದರದು ಏರಿರಲಿಲ್ಲ. ತಂಗಿ ಲ್ಯಾಬಿನದ್ದೇ ತಪ್ಪು ಅಂತ ಸಿಟ್ಟಾದಳು. ತಪ್ಪಲ್ಲವಂತೆ. ಒಂದೇ ಮಂದೆಯಲ್ಲಿ ಎರಡು ತರಹದ ಕುರಿ ಇರುತ್ತವೆ, ಕಣದಲ್ಲಿ ಪೊಟ್ಯಾಶಿಯಂ ಜಾಸ್ತಿ ಇರುವವು, ಸೋಡಿಯಂ ಜಾಸ್ತಿ ಇರುವವು. ಇದು ಹುಟ್ಟಿನಿಂದ ಬರುವ ಗುಣ, ಕುರಿಗಳಲ್ಲಿ ಇದನ್ನು 1954ರಲ್ಲೇ ಗುರುತಿಸಿದ್ದಾರೆ. ಮರಿಗಳೆಲ್ಲ ಹುಟ್ಟುವಾಗ ಪೊಟ್ಯಾಶಿಯಂ ಜಾಸ್ತಿ ಇಟ್ಟುಕೊಂಡೇ ಹುಟ್ಟುತ್ತವೆ, ಬೆಳೆಯುವಾಗ ಕೆಲವು ಬದಲಾಗುತ್ತವೆ. ಎರಡನೇ ತರಹದ ಕುರಿಯ ಕಣದಲ್ಲಿ ಪಂಪ್ ಇದ್ದರೂ ಪೊರೆಯ ಮೇಲಿನ ಒಂದು ಗುರುತು ಅದನ್ನು ಅದುಮಿಟ್ಟಿರುತ್ತದೆ. ಆ ಗುರುತಿಗೆ ಹೊಂದುವ ಪ್ರತಿಕಾಯ ಬಂದು ಅಂಟಿಕೊಂಡರೆ ಅದುಮಿದ್ದು ಸಡಿಲವಾಗಿ ಪಂಪ್ ಚುರುಕಾಗುತ್ತದೆ. ಹಸುಗಳಲ್ಲೂ ಹೆಚ್ಚಿನವು ಪೊಟ್ಯಾಶಿಯಂ ಕಡಿಮೆ ಇರುವ ಗುಂಪಿಗೇ ಸೇರಿದವು. ಅಂದರೆ ಮನುಷ್ಯರ ಕಣದ ಅಂಕಿ ಹಿಡಿದು ನಮ್ಮ ಜರ್ಸಿಯ ರಿಪೋರ್ಟ್ ಓದುವುದೇ ತಪ್ಪು. ಮನುಷ್ಯರ ಲ್ಯಾಬಿಗೂ ಇದಕ್ಕೂ ನಾನು ಕಂಡ ದೊಡ್ಡ ವ್ಯತ್ಯಾಸ ಇದು. ಯಂತ್ರ ಎರಡೂ ಕಡೆ ಒಂದೇ ಇರಬಹುದು. ಯಂತ್ರ ಕೊಟ್ಟ ಅಂಕಿಯನ್ನು ಯಾವ ಪ್ರಾಣಿಯ ಪಕ್ಕ ಇಟ್ಟು ನೋಡುತ್ತಾರೆ ಅನ್ನುವುದು ಮುಖ್ಯ.

ಇನ್ನೊಂದು ಉಪಕಾರದ ಮಾತು, ಕರು ಸಾಕುವವರಿಗೆ. ಬೇಸಿಗೆಯಲ್ಲಿ ಕರುವನ್ನು ನೀರಿಲ್ಲದೆ ಕಟ್ಟಿ, ಸಂಜೆ ಒಮ್ಮೆಲೇ ಬಕೆಟ್ ಗಟ್ಟಲೆ ನೀರು ಮುಂದಿಡಬೇಡಿ. ಬಾಯಾರಿದ ಕರು ಗಟಗಟ ಕುಡಿದುಬಿಡುತ್ತದೆ. ರಕ್ತದಲ್ಲಿ ಸೋಡಿಯಂ ದಿಢೀರನೆ ತೆಳುವಾಗಿ, ನೀರು ಕಣದೊಳಗೆ ನುಗ್ಗಿ, ಕಣ ಒಡೆದು ಗಂಜಲ ಕೆಂಪಾಗುತ್ತದೆ. ಇದರಲ್ಲಿ ಉಣುಗೂ ಇಲ್ಲ, ಫಾಸ್ಫರಸ್ ಕೊರತೆಯೂ ಇಲ್ಲ. ಇದನ್ನು ಮೇಡಂ ನಾನು ಕೇಳದೆಯೇ ಹೇಳಿದರು.

ಈಗ ಆ ಅರ್ಧ ಅಂಕದ ದೂರು. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ. ಮೇಡಂ ಫೋನಿನಲ್ಲಿ ಎಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳುತ್ತಾರೋ ಅದರ ಎರಡು ಸಾಲು ಕಾಗದದ ಮೇಲೆ ಬಂದರೆ ನಮ್ಮ ಅತ್ತೆಯೂ ಓದುತ್ತಾರೆ, ದಿನಾ ಹಾಲು ಕರೆಯುವವರು ಅವರೇ. ಎರಡನೆಯದು, ಮೇಡಂ ರಜೆ ಇದ್ದ ದಿನ ಫೋನ್ ಎತ್ತಿದವರಿಗೆ ಏನೂ ಗೊತ್ತಿರಲಿಲ್ಲ. ಕುರಿ ರಿಪೋರ್ಟಿನ ಸಿಟ್ಟು ಒಂದು ದಿನ ಜಾಸ್ತಿ ಉಳಿದದ್ದು ಅದಕ್ಕೇ. ಒಬ್ಬರ ತಲೆಯಲ್ಲಿ ಇರುವುದನ್ನು ಇನ್ನೊಬ್ಬರಿಗೂ ಕಲಿಸಿಡಿ ಅಂತ ನಾನು ನೇರವಾಗಿಯೇ ಹೇಳಿದ್ದೇನೆ.

ದುಡ್ಡು ಹಸುವಿಗೆ ಎಲ್ಲ ಸೇರಿ 850 ರೂಪಾಯಿ ಆಯಿತು, ಬಸ್ಸಿನ ಚಾರ್ಜ್ ಬೇರೆ. ನಾಯಿಯ ಒಡೆದ ಸ್ಯಾಂಪಲಿಗೆ ಪೊಟ್ಯಾಶಿಯಂ ಒಂದರದ್ದೇ ತೆಗೆದುಕೊಂಡರು, ಮಾಡದ ಪರೀಕ್ಷೆಗಳಿಗೆ ತೆಗೆದುಕೊಳ್ಳಲಿಲ್ಲ.

ಕಳಿಸುವವರು ಡಬ್ಬಿಯೊಳಗೆ ಐಸ್ ಚೀಲದ ಮೇಲೆ ದಪ್ಪ ಬಟ್ಟೆ ಹಾಕಿ, ಟ್ಯೂಬ್ ಅದರ ಮೇಲೆ ನೆಟ್ಟಗೆ ನಿಲ್ಲಲಿ. ತಣ್ಣಗಾದರೆ ಪಂಪ್ ನಿಧಾನವಾಗುತ್ತದೆ, ಪಂಪ್ ಇರುವ ಪ್ರಾಣಿಯ ರಕ್ತವಾದರೆ ಪೊಟ್ಯಾಶಿಯಂ ಹೊರಗೆ, ಸೋಡಿಯಂ ಒಳಗೆ ಜಾರುತ್ತಾ ಹೋಗುತ್ತದೆ. ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ ಇಟ್ಟ ಮನುಷ್ಯರ ರಕ್ತದಲ್ಲೂ ದಿನ ಕಳೆದ ಹಾಗೆ ಇದೇ ಆಗುವುದು. ಅದಕ್ಕೇ ತಿಳಿ ಬೇರೆ ಮಾಡಿದ ಮೇಲೆ ಮಾತ್ರ ಐಸ್. ಟ್ಯೂಬಿನ ಮೇಲೆ ಪ್ರಾಣಿ, ವಯಸ್ಸು, ರಕ್ತ ತೆಗೆದ ಗಂಟೆ ಬರೆಯಿರಿ. ಭಾನುವಾರ ಲ್ಯಾಬ್ ರಜೆ, ಶನಿವಾರ ಮಧ್ಯಾಹ್ನದ ಮೇಲೆ ಬಸ್ಸಿಗೆ ಹಾಕಬೇಡಿ, ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಲು ಯಾರೂ ಬರುವುದಿಲ್ಲ.